ಪಾಸ್‌ಪೋರ್ಟ್ ಯಾರ ಕೈಯಲ್ಲಿ

ಹೊಫೂಫ್, ಅಲ್ ಅಹ್ಸಾ
15 ಆಗಸ್ಟ್ 2014, ಶುಕ್ರವಾರ

ಪ್ರೀತಿಯ ಮಗಳು ಸಮೀಹಾಳಿಗೆ ಉಪ್ಪನ ಸಲಾಂ.

ಫೋನಿನಲ್ಲಿ ಮಾತಾಡಿದರೆ ನಿನ್ನ ಉಮ್ಮ ಅರ್ಧ ಹೊತ್ತು ಅಳುತ್ತಾಳೆ, ಉಳಿದರ್ಧ ಲೈನು ಕಡಿಯುತ್ತದೆ. ಹೇಳಬೇಕಾದದ್ದು ಹಾಗೆಯೇ ಉಳಿಯುತ್ತದೆ. ಅದಕ್ಕೆ ಕಾಗದ ಬರೆದು ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಿದ್ದೇನೆ. ನೀನೂ ಹಾಗೆಯೇ ಮಾಡು. ನಮ್ಮ ಬ್ಯಾರಿಯಲ್ಲಿ ಬರೆದು ನನಗೆ ಅಭ್ಯಾಸವಿಲ್ಲ, ನಿನ್ನ ಇಂಗ್ಲಿಷ್ ನನಗೆ ಅರ್ಧಂಬರ್ಧ. ಶುಕ್ರವಾರ ಶುಕ್ರವಾರ ಕೂರಿಸಿ ಕನ್ನಡ ಕಲಿಸುವಾಗ ಮೂತಿ ಉಬ್ಬಿಸುತ್ತಿದ್ದೆಯಲ್ಲ, ಈಗ ಉಪಯೋಗಕ್ಕೆ ಬಂತು ನೋಡು.

ಮಂಗಳೂರಿನಲ್ಲಿ ಸೀಟು ಸಿಗಲಿಲ್ಲ ಅಂತ ಮಗಳನ್ನು ದಕ್ಷಿಣ ಅಮೆರಿಕಕ್ಕೆ ಕಳಿಸಿದವನು ಈ ಹೊಫೂಫಿನಲ್ಲಿ ನಾನೊಬ್ಬನೇ ಇರಬೇಕು. ಡಾಕ್ಟರ್ ಓದಲಿಕ್ಕೆ ಗಯಾನಾ ಅಂದರೆ ಜನ ನನ್ನ ಮುಖ ನೋಡುತ್ತಾರೆ, ಆಮೇಲೆ ನಾನು ಫೋನಿನಲ್ಲಿ ಭೂಪಟ ತೋರಿಸುತ್ತೇನೆ. ಅಲ್ಲಿ ಮೂಡುಬದಿಗೆ ತಿರುಗಿ ನಮಾಜು ಮಾಡಬೇಕು ಅಂತ ನೀನು ಹೇಳಿದ್ದನ್ನು ಉಮ್ಮ ಇನ್ನೂ ನಂಬಿಲ್ಲ. ಊರಿನಲ್ಲೂ ಇಲ್ಲಿಯೂ ಪಡುವಣ ಬಿಟ್ಟರೆ ಬೇರೆ ಕಡೆಗೆ ತಿರುಗಿದವಳಲ್ಲ ಅವಳು. ಯಾರನ್ನಾದರೂ ಸರಿಯಾಗಿ ಕೇಳಲಿ ಅನ್ನುತ್ತಿದ್ದಾಳೆ.

ಈಗ ಮುಖ್ಯ ವಿಷಯ. ನಿನ್ನ ಪಾಸ್‌ಪೋರ್ಟ್ ಬ್ಯಾಗಿನಲ್ಲೇ ಉಂಟು ಅಂದೆಯಂತೆ. ಅದನ್ನು ಕೇಳಿದ ಮೇಲೆ ನನಗೆ ಊಟ ಇಳಿಯುತ್ತಿಲ್ಲ. ಕಾಲೇಜಿಗೆ ಹೋಗುವ ಬ್ಯಾಗಾ, ಬಟ್ಟೆಯ ಬ್ಯಾಗಾ? ನಾನು ಈ ಅರಬರ ದೇಶಕ್ಕೆ ಬಂದ ದಿನ ವಿಮಾನದಿಂದ ಇಳಿದು ಸೀದಾ ನನ್ನನ್ನು ವೀಸಾ ಕೊಟ್ಟು ಕರೆಸಿದ ಕಫೀಲ್ ಅಬೂ ಫಹದ್ ಅವರ ಆಫೀಸಿಗೆ ಹೋದೆ, ಪಾಸ್‌ಪೋರ್ಟ್ ಅವರ ಕೈಗೆ ಕೊಟ್ಟೆ, ಅವರು ಕಬ್ಬಿಣದ ಕಪಾಟಿನಲ್ಲಿಟ್ಟರು. ಊರಿಗೆ ಹೋಗುವಾಗ ಸಿಗುತ್ತದೆ, ಬಂದ ಮಾರನೇ ದಿನ ಮತ್ತೆ ಒಳಗೆ. ಇಪ್ಪತ್ತೆರಡು ವರ್ಷದಲ್ಲಿ ಅದರ ಒಂದು ಹಾಳೆ ಮಡಚಿಲ್ಲ. ಉಮ್ಮನದೂ ನಿನ್ನದೂ ಅಲ್ಲಿಯೇ ಇದ್ದದ್ದು. ಕಫೀಲರು ಹಾಗೆ ಇಟ್ಟುಕೊಳ್ಳಬಾರದು ಅಂತ ಕಾನೂನು ಉಂಟು ಅನ್ನುತ್ತಾರೆ ನಮ್ಮ ಆಫೀಸಿನ ಲಕ್ಷ್ಮೀಪತಿಯವರು. ಅವರು ಮೈಸೂರಿನವರು, ಕಾನೂನು ಮಾತಾಡುತ್ತಾರೆ. ಕಾನೂನು ಬೇರೆ, ಕ್ರಮ ಬೇರೆ. ಪರದೇಶದಲ್ಲಿ ಹಿರಿಯರೊಬ್ಬರ ಕೈಯಲ್ಲಿ ನಮ್ಮ ಪಾಸ್‌ಪೋರ್ಟ್ ಇದ್ದರೆ ನಮ್ಮನ್ನು ಕೇಳುವವರು ಒಬ್ಬರಿದ್ದಾರೆ ಅಂತ ಅರ್ಥ.

ಅಲ್ಲಿ ನಿನಗೆ ಕಫೀಲ್ ಇಲ್ಲ. ಆದ್ದರಿಂದ ನೀನಿರುವ ಮನೆಯ ಮಾಲಕಿ ಝೈಬುನ್ನಿಸಾ ಅವರಿಗೆ ಕೊಡು. ನೋಂಬು ನಮಾಜು ಇರುವ ಹೆಂಗಸು, ಒಳ್ಳೆಯವರು ಅಂತ ನೀನೇ ಹೇಳಿದೆ. ನಾನೂ ಅವರಿಗೆ ಮೆಸೇಜು ಕಳಿಸಿದ್ದೇನೆ, ಇಂಗ್ಲಿಷ್ ಲಕ್ಷ್ಮೀಪತಿಯವರು ಬರೆದುಕೊಟ್ಟರು. ಬರೆಯುವಾಗ ತಲೆ ಅಲ್ಲಾಡಿಸುತ್ತಿದ್ದರು, ಅಲ್ಲಾಡಿಸಲಿ.

ನೆನಪಿರಲಿ, ನಿನ್ನ ರೀ-ಎಂಟ್ರಿ ವೀಸಾ ಜನವರಿ ಹದಿನೆಂಟರವರೆಗೆ ಮಾತ್ರ. ಅಷ್ಟರೊಳಗೆ ನೀನು ಇಲ್ಲಿ ಬಂದು ಇಳಿಯದಿದ್ದರೆ ಇಲ್ಲಿ ವಾಸಕ್ಕೆ ಇರುವ ಇಕಾಮಾ ಹೋಯಿತು, ಹದಿನೆಂಟು ವಯಸ್ಸು ದಾಟಿದ ಮಕ್ಕಳಿಗೆ ಹೊಸದು ಆಗುವುದಿಲ್ಲ. ಆಮೇಲೆ ನಿನಗೆ ಈ ಮನೆಗೆ ಬರಲಿಕ್ಕೇ ಇಲ್ಲ. ಡಿಸೆಂಬರ್ ರಜೆಗೆ ಬಂದುಬಿಡು.

ನಿನ್ನ ಉಪ್ಪ
ಮೂಸಾ

*

ಜಾರ್ಜ್‌ಟೌನ್
31 ಆಗಸ್ಟ್ 2014

ಉಪ್ಪನಿಗೆ ಉಮ್ಮನಿಗೆ ಸಲಾಂ.

ಕೊಟ್ಟೆ. ಈಗ ಊಟ ಇಳಿಯಿತಾ?

ಝೈಬುನ್ನಿಸಾ ಆಂಟಿಗೆ ಮೊದಲು ಎಂತ ಅಂತಲೇ ಅರ್ಥವಾಗಲಿಲ್ಲ. ಬಾಡಿಗೆಗೆ ಒತ್ತೆ ಇಡುತ್ತಿದ್ದೇನೆ ಅಂದುಕೊಂಡು ಬೇಜಾರು ಮಾಡಿಕೊಂಡರು. ಆಮೇಲೆ ನಿಮ್ಮ ಮೆಸೇಜು ಓದಿ ನಕ್ಕದ್ದೇ ನಕ್ಕದ್ದು. "ನಿನ್ನಪ್ಪ ನನ್ನನ್ನು ಯಾರು ಅಂತ ತಿಳಿದಿದ್ದಾರೆ, ಪೊಲೀಸಾ?" ಅಂದರು. ಬೇಡ ಅಂತ ಎರಡು ಸಲ ವಾಪಸು ಕೊಟ್ಟರು. ಉಪ್ಪ ನಿದ್ದೆ ಮಾಡುವುದಿಲ್ಲ ಅಂತ ನಾನು ಹೇಳಿದ ಮೇಲೆ ತೆಗೆದುಕೊಂಡರು. ಮನೆಯಲ್ಲಿ ಕಳ್ಳರ ಭಯ ಅಂತ ಬ್ಯಾಂಕಿನ ಲಾಕರಿಗೆ ಹಾಕಿ ಬಂದಿದ್ದಾರೆ, ಅವರ ಚಿನ್ನದ ಬಳೆಯ ಜೊತೆಗೆ.

ಇಲ್ಲಿ ಮನೆಗಳೆಲ್ಲ ಮರದ ಕಂಬಗಳ ಮೇಲೆ ನಿಂತಿವೆ, ಕೆಳಗೆ ನೀರು ಬಂದರೂ ಪರವಾಗಿಲ್ಲ ಅಂತ. ನಾನಿರುವುದು ಮೇಲೆ, ಹಿಂದಿನ ಕೋಣೆ. ಆಂಟಿಯ ಮುತ್ತಜ್ಜಿ ಕಲ್ಕತ್ತೆಯಿಂದ ಹಡಗು ಹತ್ತಿ ಇಲ್ಲಿಯ ಕಬ್ಬಿನ ಎಸ್ಟೇಟಿಗೆ ಕೂಲಿಗೆ ಬಂದವರಂತೆ. ಐದು ವರ್ಷದ ಕರಾರು. ಆಗ ಎಸ್ಟೇಟಿನ ಗೇಟು ದಾಟಬೇಕಾದರೆ ದೊರೆಯ ಚೀಟಿ ಬೇಕಿತ್ತಂತೆ, ಇಲ್ಲದಿದ್ದರೆ ಜೈಲು. "ನಿನ್ನಪ್ಪ ಇನ್ನೂ ಆ ಕಾಲದಲ್ಲಿಯೇ ಇದ್ದಾರಾ?" ಅಂತ ಆಂಟಿ ಕೇಳಿದರು.

ನಮಾಜಿನ ಕಿಬ್ಲಾ ಮೂಡುಬದಿಗೇ, ಉಮ್ಮನಿಗೆ ಹೇಳಿ. ಮಸೀದಿಯಲ್ಲಿ ಇಡೀ ಊರೇ ತಪ್ಪು ನಿಂತಿರಲಿಕ್ಕಿಲ್ಲ.

ನಿಮ್ಮ ಸಮೀ

*

ಹೊಫೂಫ್
26 ಸೆಪ್ಟೆಂಬರ್ 2014

ಪ್ರೀತಿಯ ಸಮೀ,

ಲಾಕರಿಗೆ ಹೋದದ್ದು ಕೇಳಿ ಸಮಾಧಾನ. ಬ್ಯಾಂಕು ಅಂದರೆ ಅಬೂ ಫಹದ್ ಅವರ ಕಪಾಟಿಗಿಂತ ಒಂದು ಕೈ ಮೇಲೆ. ಚೀಟಿಯ ಮಾತನ್ನು ಉಮ್ಮನಿಗೆ ಓದಿ ಹೇಳಲಿಲ್ಲ.

ಇಲ್ಲಿ ಖರ್ಜೂರದ ಗಡಿಬಿಡಿ. ಗೋಡೌನಿನಲ್ಲಿ ಕಾಲಿಡಲಿಕ್ಕೆ ಜಾಗವಿಲ್ಲ, ಮೈಯೆಲ್ಲ ಅಂಟು. ಮನೆಗೆ ಬಂದರೆ ಉಮ್ಮ ಬಾಗಿಲಲ್ಲೇ ನಿಲ್ಲಿಸಿ ಕೈ ತೊಳೆಸುತ್ತಾಳೆ.

ಕ್ಲಾಸಿನವರೆಲ್ಲ ಸೇರಿ ರಜೆಯಲ್ಲಿ ಬಸ್ಸು ಹತ್ತಿ ಬ್ರೆಜಿಲ್ ಗಡಿ ದಾಟಿ ಹೋಗಿ ಬರುತ್ತಾರೆ ಅಂತ ಉಮ್ಮನ ಹತ್ತಿರ ಹೇಳಿದೆಯಂತೆ. ನೋಡು, ನನ್ನ ಹತ್ತಿರ ಹೇಳಲಿಲ್ಲ. ಯಾರ ಜೊತೆ, ಎಷ್ಟು ಹುಡುಗರು, ರಾತ್ರಿ ಎಲ್ಲಿ ಉಳಿಯುವುದು, ಒಂದೂ ಗೊತ್ತಿಲ್ಲ. ಪಾಸ್‌ಪೋರ್ಟ್ ಕೈಯಲ್ಲಿ ಇಲ್ಲದ್ದು ಒಳ್ಳೆಯದೇ ಆಯಿತು. ಆಂಟಿಗೆ ಹೇಳಿದ್ದೇನೆ, ನಾನು ಹೇಳದೆ ಕೊಡಬೇಡಿ ಅಂತ. ಕೋಪ ಬರಬಹುದು. ನಿನಗೂ ಮಕ್ಕಳಾದಾಗ ಗೊತ್ತಾಗುತ್ತದೆ.

ಡಿಸೆಂಬರ್ ಇಪ್ಪತ್ತರ ಟಿಕೆಟು ನೋಡುತ್ತಿದ್ದೇನೆ. ಉಮ್ಮ ಈಗಲೇ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾಳೆ.

ಉಪ್ಪ

*

ಜಾರ್ಜ್‌ಟೌನ್
17 ನವೆಂಬರ್ 2014

ಉಪ್ಪ,

ಗಾಬರಿಯಾಗಬೇಡಿ ಅಂತ ಬರೆದರೆ ನೀವು ಮೊದಲು ಮಾಡುವುದೇ ಅದು. ಆದರೂ ಬರೆಯುತ್ತೇನೆ, ಗಾಬರಿಯಾಗಬೇಡಿ.

ಝೈಬುನ್ನಿಸಾ ಆಂಟಿ ತಮ್ಮ ಮಗಳು ರುಕಯ್ಯಾಳ ಬಾಣಂತನಕ್ಕೆ ಅಂತ ನ್ಯೂಯಾರ್ಕಿಗೆ ಹೋಗಿದ್ದರಲ್ಲ, ಮೊನ್ನೆ ಬರಬೇಕಿತ್ತು. ಅಲ್ಲಿ ಅವರಿಗೆ ಸ್ಟ್ರೋಕ್ ಆಗಿದೆ. ಬಲಗೈ ಬಲಗಾಲು ಆಡುತ್ತಿಲ್ಲ, ಮಾತು ಹೋಗಿದೆ. ರುಕಯ್ಯಾ ಫೋನಿನಲ್ಲಿ ಅಳುತ್ತಿದ್ದಳು. ಅಷ್ಟು ಅಳುವವಳ ಹತ್ತಿರ ನನ್ನ ಪಾಸ್‌ಪೋರ್ಟ್ ಅಂತ ಹೇಗೆ ಕೇಳುವುದು? ಮೂರನೇ ದಿನ ಕೇಳಿದೆ.

ಲಾಕರ್ ಆಂಟಿಯ ಒಬ್ಬರ ಹೆಸರಿನಲ್ಲೇ ಇದೆಯಂತೆ. ಬ್ಯಾಂಕಿನಲ್ಲಿ ಕೇಳಿದೆ. ಅವರೇ ಬರಬೇಕು, ಇಲ್ಲ ಅವರ ಸಹಿ ಬೇಕು ಅಂದರು. ಸಹಿ ಹಾಕುವ ಕೈಯೇ ಆಡುತ್ತಿಲ್ಲ.

ಭಾರತದ ಹೈಕಮಿಷನ್ ಇಲ್ಲಿಯೇ ಇದೆ. ಹೋಗಿ ವಿಚಾರಿಸಲಾ?

ಸಮೀ

*

ಹೊಫೂಫ್
18 ನವೆಂಬರ್ 2014

ಮಗಳೇ,

ಕಾಗದ ಓದಿ ತಲೆಬುಡ ತಿಳಿಯದ ಹಾಗೆ ಆಗಿದೆ. ನೀನು ಎಲ್ಲಿಗೂ ಹೋಗಬೇಡ. ಯಾರಿಗೂ ಹೇಳಬೇಡ. ಪಾಸ್‌ಪೋರ್ಟ್ ಕೈಯಲ್ಲಿ ಇಲ್ಲ ಅಂತ ಗೊತ್ತಾದರೆ ಕಾಲೇಜಿನವರು ಎಂತ ಹೇಳುತ್ತಾರೋ, ಪೊಲೀಸರು ಎಂತ ಮಾಡುತ್ತಾರೋ. ಆಂಟಿ ಗುಣವಾಗುತ್ತಾರೆ, ಇನ್‌ಶಾ ಅಲ್ಲಾಹ್. ಉಮ್ಮ ಉಳ್ಳಾಲದ ದರ್ಗಾಕ್ಕೆ ಹರಕೆ ಹೇಳಿಕೊಂಡಿದ್ದಾಳೆ. ಆಂಟಿಗಾ ಪಾಸ್‌ಪೋರ್ಟಿಗಾ ಅಂತ ನಾನು ಕೇಳಲಿಲ್ಲ.

ಇನ್ನೂ ಎರಡು ತಿಂಗಳು ಉಂಟು. ಕಾಯುವ.

ಉಪ್ಪ

*

ಜಾರ್ಜ್‌ಟೌನ್
4 ಡಿಸೆಂಬರ್ 2014

ಉಪ್ಪ,

ನೀವು ಹೋಗಬೇಡ ಅಂದರೂ ನಾನು ಹೈಕಮಿಷನ್ನಿಗೆ ಹೋಗಿ ಬಂದೆ. ಅಲ್ಲಿಯ ಹೆಂಗಸು ಚೆನ್ನಾಗಿಯೇ ಮಾತಾಡಿದರು. "ನಿನ್ನ ಪಾಸ್‌ಪೋರ್ಟನ್ನು ಅವರಿಗೆ ಯಾಕಮ್ಮ ಕೊಟ್ಟೆ? ಅವರು ಕೇಳಿದರಾ?" ಅಂದರು. ಇಲ್ಲ ಅಂದೆ. ಮತ್ತೆ ಯಾಕೆ ಅಂದರು. ಅಪ್ಪ ಹೇಳಿದರು ಅಂದೆ. ಮೆಡಿಕಲ್ ಓದುವ ಹುಡುಗಿ ಹೇಳುವ ಉತ್ತರವಾ ಅದು? ನನಗೆ ಅಲ್ಲಿಂದ ಎದ್ದು ಓಡಬೇಕು ಅನಿಸಿತು.

ಕಳೆದುಹೋಗಿದೆ ಅಂತ ಪೊಲೀಸರಲ್ಲಿ ಬರೆಸಿ ತಂದರೆ ಹೊಸದಕ್ಕೆ ಅರ್ಜಿ ಹಾಕಬಹುದಂತೆ. ಊರಿನಿಂದ ವಿಚಾರಣೆಯಾಗಿ ಬರಲಿಕ್ಕೆ ವಾರಗಳು ಬೇಕು. ಇವತ್ತೇ ಹಾಕಿದರೆ ಜನವರಿ ಹದಿನೆಂಟರ ಒಳಗೆ ಬರಬಹುದು. ಅದಕ್ಕೇ ಹೇಳುತ್ತಿದ್ದೇನೆ, ಇವತ್ತೇ.

ಒಂದು ಮಾತು ಕೇಳುತ್ತೇನೆ, ಬೈಯಬೇಡಿ. ನಿಮಗೆ ಬೇಕಾಗಿದ್ದದ್ದು ಪಾಸ್‌ಪೋರ್ಟ್ ಭದ್ರವಾಗಿರುವುದಾ, ಇಲ್ಲ ನಾನು ಎಲ್ಲಿಗೂ ಹೋಗದೆ ಇರುವುದಾ? ಬ್ರೆಜಿಲಿಗೆ ಹೋದವರೆಲ್ಲ ಹೋಗಿ ಬಂದರು. ಯಾರಿಗೂ ಎಂತದೂ ಆಗಲಿಲ್ಲ. ಎಲ್ಲರ ಪಾಸ್‌ಪೋರ್ಟೂ ಅವರವರ ಹತ್ತಿರವೇ ಇದೆ. ಕಳೆದುಕೊಂಡವಳು ನಾನೊಬ್ಬಳೇ.

ಹೂಂ ಅನ್ನಿ ಉಪ್ಪ. ನಾಳೆ ಬೆಳಿಗ್ಗೆ ಫೋನು ಮಾಡುತ್ತೇನೆ.

ಸಮೀ

*

ಹೊಫೂಫ್
26 ಡಿಸೆಂಬರ್ 2014

ಸಮೀ,

ಮೂರು ವಾರ ನಾನು ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಅವತ್ತು ಫೋನಿನಲ್ಲಿ ಬೊಬ್ಬೆ ಹಾಕಿದೆ. ಒಬ್ಬಳೇ ಹೆಣ್ಣು ಪೊಲೀಸ್ ಠಾಣೆಗೆ ಹೋಗಿ, ಇದ್ದ ವಸ್ತುವನ್ನು ಇಲ್ಲ ಅಂತ ಸುಳ್ಳು ಬರೆಸುವುದಾ ಅಂದೆ. ಹೋದರೆ ನನ್ನ ಮಗಳಲ್ಲ ಅಂದೆ. ನೀನು ಹೋಗಲಿಲ್ಲ. ಈಗ ಅನಿಸುತ್ತದೆ, ಆ ಮಾತು ನೀನು ಕೇಳಬಾರದಿತ್ತು.

ಇಪ್ಪತ್ತನೇ ತಾರೀಕಿನ ವಿಮಾನ ನೀನಿಲ್ಲದೆ ಬಂತು. ಉಮ್ಮ ಅವತ್ತು ನಿನಗೆ ಅಂತ ನೆನೆಹಾಕಿದ್ದ ಅಕ್ಕಿಯಲ್ಲಿ ಪತ್ತಿರಿ ಮಾಡಿ ನೆರೆಮನೆಗೆ ಕೊಟ್ಟಳು. ನಮಗೆ ಒಂದನ್ನೂ ಇಡಲಿಲ್ಲ.

ನಾನೇ ಅಲ್ಲಿಗೆ ಬರುವ ಅಂತ ರಜೆ ಕೇಳಲಿಕ್ಕೆ ಅಬೂ ಫಹದ್ ಅವರ ಹತ್ತಿರ ಹೋದೆ. ವೀಸಾ, ದಾರಿ ಒಂದೂ ಗೊತ್ತಿಲ್ಲ, ಆದರೂ ಹೋದೆ. "ಯಾರು ತೀರಿಕೊಂಡರು?" ಅಂತ ಕೇಳಿದರು. ಯಾರೂ ಇಲ್ಲ ಅಂದೆ. "ಹಾಗಾದರೆ ಸ್ಟಾಕು ಮುಗಿಯಲಿ. ನಿನ್ನ ಪಾಸ್‌ಪೋರ್ಟ್ ಎಲ್ಲಿಗೂ ಓಡಿಹೋಗುವುದಿಲ್ಲ ಮೂಸಾ" ಅಂತ ನಕ್ಕು ಕಹ್ವಾ ಕುಡಿಸಿ ಕಳಿಸಿದರು. ಕೆಟ್ಟ ಮನುಷ್ಯರಲ್ಲ. ನಾನು ಕುಡಿದು ಬಂದೆ. ದಾರಿಯುದ್ದಕ್ಕೂ ಆ ಆಂಟಿಯ ಚೀಟಿಯ ಮಾತು ತಲೆಯಲ್ಲಿ ಕೊರೆಯುತ್ತಿತ್ತು.

ಇಕಾಮಾ, ವೀಸಾ ನೋಡುವ ಜವಾಜಾತ್ ಕಚೇರಿಗೂ ಹೋಗಿದ್ದೆ. ಹೊರಗೆ ಇರುವವರ ರೀ-ಎಂಟ್ರಿ ಮುಂದೂಡಲಿಕ್ಕೆ ಆಗುತ್ತದಾ ಅಂತ ಕೇಳಿದರೆ ಕೌಂಟರಿನವನು ನನ್ನ ಹಿಂದಿನವನನ್ನು ಕರೆದ.

ಹೋಗು ಮಗಳೇ. ಪೊಲೀಸರಲ್ಲಿ ಬರೆಸು, ಅರ್ಜಿ ಹಾಕು. ಈ ಕಾಗದ ಕೈಗೆ ಸಿಕ್ಕಿದ ಕೂಡಲೇ ಹೊರಡು.

ಉಪ್ಪ

*

ಜಾರ್ಜ್‌ಟೌನ್
16 ಜನವರಿ 2015

ಉಪ್ಪ, ಉಮ್ಮ,

ಇವತ್ತೂ ಹೈಕಮಿಷನ್ನಿಗೆ ಹೋಗಿದ್ದೆ. ಇನ್ನೂ ಬಂದಿಲ್ಲ. ಆ ಹೆಂಗಸು ನನ್ನನ್ನು ದೂರದಿಂದ ನೋಡಿಯೇ ತಲೆ ಅಲ್ಲಾಡಿಸಿದರು, ನಾನು ಬಾಗಿಲ ತನಕ ನಡೆಯುವ ಕಷ್ಟ ತಪ್ಪಲಿ ಅಂತ ಇರಬೇಕು.

ನಾಡಿದ್ದು ಹದಿನೆಂಟು. ಈಗ ಕೈಗೆ ಸಿಕ್ಕಿದರೂ ಮೂರು ವಿಮಾನ ಹತ್ತಿ ಇಳಿಯುವಷ್ಟರಲ್ಲಿ ಆಗುವುದಿಲ್ಲ. ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ. ನೀವೂ ಬಿಡಿ.

ಉಮ್ಮ, ನನ್ನ ಕೋಣೆಯಲ್ಲಿ ಇರುವುದನ್ನು ಯಾರಿಗೂ ಕೊಡಬೇಡಿ. ಈಗಲೇ ಕೊಡಬೇಡಿ.

ಸಮೀ

*

ಹೊಫೂಫ್
20 ಜನವರಿ 2015

ಮಗಳೇ,

ಇವತ್ತು ಲಕ್ಷ್ಮೀಪತಿಯವರು ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಸರಕಾರದ ಪುಟ ತೆಗೆದು ತೋರಿಸಿದರು. ನನ್ನ ಹೆಸರು ಉಂಟು. ಅದರ ಕೆಳಗೆ ಜೈನಬಾ ಅಂತ ನಿನ್ನ ಉಮ್ಮನ ಹೆಸರು. ಅದರ ಕೆಳಗೆ ನಿನ್ನದು ಉಂಟು, ಆದರೆ ಅವಧಿ ಮುಗಿದಿದೆ, ಮರಳಿಲ್ಲ ಅಂತ ಕೆಂಪಕ್ಷರದಲ್ಲಿ ಬರೆದಿದೆ. ಉಮ್ಮನಿಗೆ ಅರಬಿ ಓದಲಿಕ್ಕೆ ಬರುತ್ತದಲ್ಲ, ಅವಳು ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. "ಮರಳಿಲ್ಲ ಅಂತ ಬರೆದಿದ್ದಾರೆ. ಮರಳಲಿಕ್ಕೆ ಬಿಡಲಿಲ್ಲ ಅಂತ ಅಲ್ಲವಾ ಬರೆಯಬೇಕಾದದ್ದು?" ಅಂದಳು. ಯಾರು ಬಿಡಲಿಲ್ಲ ಅಂತ ಅವಳು ಹೇಳಲಿಲ್ಲ. ನನ್ನ ಕಡೆಗೆ ನೋಡಲೂ ಇಲ್ಲ. ಲಕ್ಷ್ಮೀಪತಿಯವರು ಚಹಾ ಕುಡಿಯದೆ ಎದ್ದುಹೋದರು.

ನೀನು ಹುಟ್ಟಿದ್ದು ಈ ಊರಿನ ಆಸ್ಪತ್ರೆಯಲ್ಲಿ. ಇನ್ನು ಈ ಊರಿಗೆ ನೀನು ಯಾರೂ ಅಲ್ಲ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದವನು ನಾನು, ಉಣ್ಣುವುದು ನೀನು. ಇದು ಯಾವ ನ್ಯಾಯ?

ಉಪ್ಪ

*

ಜಾರ್ಜ್‌ಟೌನ್
22 ಫೆಬ್ರವರಿ 2015

ಉಪ್ಪನಿಗೆ ಉಮ್ಮನಿಗೆ ಸಲಾಂ.

ಹೊಸ ಪಾಸ್‌ಪೋರ್ಟ್ ಈ ತಿಂಗಳ ಮೊದಲ ವಾರ ಬಂತು. ಅದರ ಹಿಂದೆಯೇ ಆಂಟಿಯೂ ಬಂದರು, ಗಾಲಿಕುರ್ಚಿಯಲ್ಲಿ. ರುಕಯ್ಯಾ ಕೂಸನ್ನು ಎತ್ತಿಕೊಂಡು ಜೊತೆಗೆ ಬಂದಿದ್ದಾಳೆ. ಬಂದ ಮರುದಿನವೇ ಆಂಟಿ ಹಠ ಹಿಡಿದು ಬ್ಯಾಂಕಿಗೆ ಹೋಗಿ, ಎಡಗೈಯಲ್ಲಿ ಸಹಿ ಹಾಕಿ, ಹಳೆಯದನ್ನು ತಂದು ನನ್ನ ಮಡಿಲಿಗೆ ಹಾಕಿದರು. ಅದೀಗ ರದ್ದಾಗಿದೆ, ಹೈಕಮಿಷನ್ನಿಗೆ ಒಪ್ಪಿಸಬೇಕು. ಆಂಟಿಗೆ ಅದನ್ನು ನಾನು ಹೇಳಲಿಲ್ಲ. ಅವರಿಗೆ ಇನ್ನೂ ಮಾತು ಸರಿಯಾಗಿ ಬರುವುದಿಲ್ಲ, ಬರೀ ಅಳುತ್ತಿದ್ದರು. ಅವರು ಬೇಡ ಬೇಡ ಅಂದದ್ದನ್ನು ಅವರ ಕೈಗೆ ತುರುಕಿದವರು ನಾವು, ಈಗ ತಪ್ಪಿತಸ್ಥರ ಹಾಗೆ ಅಳುವವರು ಅವರು.

ಹೊಸದು ನನ್ನ ಹತ್ತಿರವೇ ಇದೆ. ಎಲ್ಲಿ ಇಟ್ಟಿದ್ದೇನೆ ಅಂತ ಕೇಳಬೇಡಿ, ಹೇಳುವುದಿಲ್ಲ. ಯಾರಿಗೂ ಕೊಡುವುದೂ ಇಲ್ಲ. ಉಪ್ಪ, ನಿಮ್ಮ ಮೇಲೆ ಕೋಪ ಇತ್ತು. ಈಗ ಇಲ್ಲ ಅಂದರೆ ಸುಳ್ಳಾಗುತ್ತದೆ, ಸ್ವಲ್ಪ ಇದೆ. ಆದರೆ ನಿಮ್ಮನ್ನು ನೋಡಬೇಕು ಅನಿಸುವುದು ಅದಕ್ಕಿಂತ ಜಾಸ್ತಿ ಇದೆ.

ಮೇ ತಿಂಗಳಲ್ಲಿ ರಜೆ. ಎಲ್ಲರೂ ಮನೆಗೆ ಟಿಕೆಟು ಮಾಡುತ್ತಿದ್ದಾರೆ. ನಾನು ಎಲ್ಲಿಗೆ ಮಾಡಲಿ?

ಸಮೀ

*

ಹೊಫೂಫ್
13 ಮಾರ್ಚ್ 2015, ಶುಕ್ರವಾರ

ಪ್ರೀತಿಯ ಸಮೀಹಾಳಿಗೆ,

ಮಂಗಳೂರಿಗೆ ಮಾಡು. ಬಿ.ಸಿ. ರೋಡಿನಲ್ಲಿ ನಿಸಾರ್ ಚಿಕ್ಕಪ್ಪನ ಮಹಡಿ ಖಾಲಿ ಉಂಟು, ಅವನಿಗೆ ಹೇಳಿ ಆಗಿದೆ. ನಾವಿಬ್ಬರೂ ಮೇ ಐದರ ಮೊದಲು ಅಲ್ಲಿರುತ್ತೇವೆ. ಇನ್ನು ಮುಂದೆ ನೀನು ಬರುವ ಕಡೆಗೆ ನಾವು ಬರುವುದು. ಮುಂದಿನ ವರ್ಷದ್ದು ಉಮ್ಮ ಬೇರೆಯೇ ಲೆಕ್ಕ ಹಾಕಿದ್ದಾಳೆ, ಇಲ್ಲಿಂದ ಪೂರ್ತಿ ಎದ್ದುಬಿಡುವ ಅನ್ನುತ್ತಾಳೆ. ಅದನ್ನು ಊರಿನಲ್ಲಿ ಮೂವರೂ ಕೂತು ಮಾತಾಡುವ.

ಈಗ ಈ ವಾರ ನಡೆದದ್ದು ಹೇಳುತ್ತೇನೆ. ಸೋಮವಾರ ಅಬೂ ಫಹದ್ ಅವರ ಆಫೀಸಿಗೆ ಹೋದೆ. ಹೊರಗೆ ಕೂತು ಎರಡು ಸಲ ನೀರು ಕುಡಿದೆ. ಒಳಗೆ ಹೋಗಿ, ನನ್ನ ಮತ್ತು ಹೆಂಡತಿಯ ಪಾಸ್‌ಪೋರ್ಟ್ ಬೇಕು ಅಂದೆ. "ರಜೆ ಮೇಯಲ್ಲಿ ಅಲ್ಲವಾ? ಆಗ ಕೊಡುತ್ತೇನೆ" ಅಂದರು. ರಜೆಗೆ ಅಲ್ಲ ಅಂದೆ. "ಮತ್ತೆ ಎಂತಕ್ಕೆ? ಬ್ಯಾಂಕಿಗಾ?" ಅಂದರು. ಬ್ಯಾಂಕಿಗೂ ಅಲ್ಲ, ಮನೆಯಲ್ಲಿ ಇಟ್ಟುಕೊಳ್ಳಲಿಕ್ಕೆ ಅಂದೆ. ಈಗ ಕೂಗುತ್ತಾರೆ, ಈಗ ಕೆಲಸ ಹೋಯಿತು ಅಂತ ನಾನು ಕಾಯುತ್ತಿದ್ದೆ. ಅವರು ಎದ್ದು, ಕಪಾಟು ತೆಗೆದು, ಹುಡುಕಿ, ಎರಡನ್ನೂ ಮೇಜಿನ ಮೇಲೆ ಇಟ್ಟರು. "ತಗೋ. ನೀನು ಯಾವತ್ತೂ ಕೇಳಲಿಲ್ಲವಲ್ಲ" ಅಂದರು.

ಅಷ್ಟೇ ಮಗಳೇ. ಒಂದು ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಕೇಳಿದರೆ ಸಿಗುತ್ತಿತ್ತು. ನಾನು ಮೆಟ್ಟಿಲಲ್ಲಿ ಕೂತುಬಿಟ್ಟೆ. ಸಿಗದೆ ಇದ್ದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಮನೆಗೆ ತಂದದ್ದೇ ಉಮ್ಮ ಅಂಗೈಯಿಂದ ಒರೆಸಿದಳು. ಧೂಳು ಇರಲಿಲ್ಲ. ಮೊದಲು ಬಟ್ಟೆಯ ಅಲಮಾರಿಯಲ್ಲಿ ಇಟ್ಟಳು. ಕಳ್ಳರು ಮೊದಲು ನೋಡುವುದೇ ಅಲ್ಲಿ ಅಂತ ನಾನು ತೆಗೆದು ಅಕ್ಕಿ ಡಬ್ಬದಲ್ಲಿ ಇಟ್ಟೆ. ಹುಳ ತಿನ್ನುತ್ತದೆ ಅಂತ ಅವಳು ತೆಗೆದಳು. ನಿನ್ನೆ ದಿನವಿಡೀ ನನ್ನ ಅಂಗಿಯ ಕಿಸೆಯಲ್ಲೇ ಇತ್ತು, ಗೋಡೌನಿನಲ್ಲಿ ಬಗ್ಗಿದಾಗಲೆಲ್ಲ ಕೈ ಎದೆಗೆ ಹೋಗುತ್ತಿತ್ತು. ಈಗ ಎರಡೂ ಇದೇ ಮೇಜಿನ ಮೇಲೆ, ಈ ಕಾಗದದ ಪಕ್ಕ ಇವೆ. ಉಮ್ಮ ಎದುರಿಗೆ ಕೂತು ಕಾಯುತ್ತಿದ್ದಾಳೆ.

ನಿನ್ನದನ್ನು ಎಲ್ಲಿ ಇಟ್ಟಿದ್ದೀಯ ಅಂತ ನಾನು ಕೇಳುವುದಿಲ್ಲ. ನಮ್ಮದನ್ನು ಎಲ್ಲಿ ಇಡಬೇಕು ಅಂತ ನೀನು ಹೇಳು. ನಮಗೆ ಗೊತ್ತಿಲ್ಲ.

ನಿನ್ನ ಉಪ್ಪ
ಮೂಸಾ